ನಮ್ಮತ್ತೆ ನನ್ನ ಪೋಷಕರಾದದ್ದು

ನಲವತ್ತೆರಡನೆಯ ವಯಸ್ಸಿನಲ್ಲಿ ಅರಸೀಕೆರೆಗೆ ಹೋಗಿ ಮಹಿಳಾ ಕಾಲೇಜಿನಲ್ಲಿ ಬಿ.ಎ. ಓದುವುದು ಏನು ಮಹಾ ಕಷ್ಟ ಎಂದು ನಾನು ಅಂದುಕೊಂಡಿದ್ದೆ. ತೆಂಗಿನ ತೋಟ, ಎರಡು ಹಸು, ಒಬ್ಬ ಗಂಡ, ಇಷ್ಟನ್ನೂ ಇಪ್ಪತ್ತು ವರ್ಷ ಸಂಭಾಳಿಸಿದವಳಿಗೆ ಮೂರು ವರ್ಷದ ಡಿಗ್ರಿ ಯಾವ ಲೆಕ್ಕ! ಪಿಯುಸಿ ಮುಗಿದ ಕೂಡಲೇ ಮದುವೆಯಾಗಿ ನಿಂತುಹೋಗಿದ್ದ ಓದನ್ನು ಮುಂದುವರಿಸುವುದಾಗಿ ಮನೆಯಲ್ಲಿ ಘೋಷಿಸಿಯೇಬಿಟ್ಟೆ.

ಯಜಮಾನರು "ಅಮ್ಮನ್ನ ಕೇಳು" ಎಂದು ತೋಟದ ಕಡೆ ನಡೆದರು. ಅತ್ತೆ ಮಾತ್ರ ಜಗ್ಗಲಿಲ್ಲ.

"ನೀನು ಕಾಲೇಜಿಗೆ ಹೋದ್ರೆ ಮುದ್ದೆ ತಿರುವೋರು ಯಾರೇ?"

ನಾನು ಒಂದು ಉಪಾಯ ಹೂಡಿದೆ. ಅರ್ಜಿಯಲ್ಲಿ 'ಪೋಷಕರ ಹೆಸರು' ಎಂಬಲ್ಲಿ ಗಂಡನನ್ನು ಬಿಟ್ಟು 'ಗಂಗಮ್ಮ' ಎಂದು ಬರೆದು ಅತ್ತೆಯ ಮುಂದೆ ಹಿಡಿದೆ. ಅವರಿಗೆ ತಮ್ಮ ಹೆಸರೊಂದು ಬಿಟ್ಟರೆ ಬೇರೆ ಓದು ಬರಹ ಬಾರದು. ಆ ಮೂರಕ್ಷರದ ಮೇಲೆ ಬೆರಳಿಟ್ಟು ಕೇಳಿದರು, "ಇದು ನಾನಾ?"

"ಹೌದು ಅತ್ತೆ. ನನ್ನ ಓದಿಗೆ ನೀವೇ ಜವಾಬ್ದಾರಿ."

ಅತ್ತೆ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ತೋಟದಲ್ಲಿದ್ದ ಮಗನಿಗೆ ಕೂಗಿದರು, "ಕೇಳುದ್ಯೇನ್ಲಾ? ಕಾಲೇಜಿನ ಕಾಗದದಾಗೆ ನನ್ನ ಹೆಸರೈತೆ!" ಮುದ್ದೆಯ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಮೊದಲ ದಿನ ಕಾಲೇಜಿನ ವಾಚ್‌ಮನ್ ನನ್ನನ್ನು ಯಾರದೋ ತಾಯಿ ಎಂದುಕೊಂಡು ಮರದಡಿ ಬೆಂಚಿನಲ್ಲಿ ಕೂರಿಸಿದ. ವಿಧೇಯಳಾಗಿ ಒಂದು ಗಂಟೆ ಕೂತಿದ್ದೆ!

ನಿಜವಾದ ಕಷ್ಟ ಬಂದದ್ದು ಹಾಜರಿಯಿಂದ. ನಮ್ಮ ನೆಂಟರಲ್ಲಿ ಒಬ್ಬರಾದರೂ ಭಾನುವಾರ ನೋಡಿ ಶುಭಕಾರ್ಯ ಮಾಡುವವರಲ್ಲ. ಹಿರಿಸೊಸೆ ಹೋಗದಿದ್ದರೆ ಮರ್ಯಾದೆ ಹೋಯಿತು ಎಂದು ಅತ್ತೆ ನನ್ನನ್ನು ಹೊರಡಿಸುತ್ತಿದ್ದರು. ಇತ್ತ ನಮ್ಮ ಇತಿಹಾಸದ ಮೇಡಂ, ಮನೆಯಲ್ಲಿ ಕಾಯಿಲೆಯಾದರೆ ಮಾತ್ರ ರಜೆ ಎಂದು ಮೊದಲೇ ಹೇಳಿದ್ದರು. ಅವರು ನನಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಅವರನ್ನು ಕಂಡರೆ ನನಗೆ ನಡುಕ.

ಹಾಗಾಗಿ ಬೇಲೂರಿನ ಗೃಹಪ್ರವೇಶದ ದಿನ ರಜಾಚೀಟಿಯಲ್ಲಿ ಅತ್ತೆಗೆ ಜ್ವರ ಬರಿಸಿದೆ. ಹಳೇಬೀಡಿನ ನಾಮಕರಣಕ್ಕೆ ಅವರ ಎಡಗಾಲು ಮುರಿದೆ. ನಾದಿನಿಯ ಮಗಳ ಮದುವೆ ಮೂರು ದಿನದ್ದು, ಅದಕ್ಕೆ ಹಾಸನದ ಆಸ್ಪತ್ರೆಯ ಐಸಿಯುವೇ ಬೇಕಾಯಿತು! ನನ್ನ ಬರವಣಿಗೆ ಎಷ್ಟು ಮನಮುಟ್ಟುವಂತಿತ್ತೆಂದರೆ, ಕ್ಲಾಸಿನ ಹುಡುಗಿಯರು ಮಾಲೇಕಲ್ಲು ಬೆಟ್ಟ ಹತ್ತಿ ಪೂಜೆ ಮಾಡಿಸಿ, "ಆಂಟಿ, ಅಜ್ಜಿಗೆ ಕೊಡಿ" ಎಂದು ಪ್ರಸಾದ ತಂದರು. ನಾಚಿಕೆಯಿಂದ ಕುಗ್ಗಿಹೋದೆ. ಪ್ರಸಾದವನ್ನು ದಾರಿಯಲ್ಲೇ ತಿಂದೆ.

ಕೊನೆಗೆ ಮೇಡಂ ಕರೆದು ಹೇಳಿದರು. ಇನ್ನು ಒಂದು ದಿನವೂ ತಪ್ಪಿಸುವುದಿಲ್ಲವೆಂದು ಪೋಷಕರು ಬಂದು ಮುಚ್ಚಳಿಕೆಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. "ನಿಮ್ಮತ್ತೆಯವರಿಗೆ ಪಾಪ ಆಗಲ್ಲ, ಯಜಮಾನ್ರನ್ನೇ ಕರ್ಕೊಂಡ್ ಬನ್ನಿ" ಎಂದರು. ಇಪ್ಪತ್ತು ವರ್ಷ ಕಾದ ಪರೀಕ್ಷೆ ಕೈತಪ್ಪುವುದೇ ಎಂದು ಕಂಗಾಲಾದೆ.

ಯಜಮಾನರನ್ನು ಹೇಗೋ ಒಪ್ಪಿಸಿದೆ. ಆದರೆ ಅತ್ತೆಯ ಕಿವಿಗೆ ಬಿತ್ತು.

"ಕಾಗದದಾಗೆ ಯಾರ ಹೆಸರೈತೆ? ನಾನೇ ಬತ್ತೀನಿ!"

ಬಸ್ಸು ರಷ್ಷು ಎಂದೆ. ಬಿಸಿಲು ಎಂದೆ. ಅಷ್ಟರಲ್ಲಿ ಅವರು ರೇಷ್ಮೆ ಸೀರೆ ಉಟ್ಟು, ವಿಭೂತಿ ಧರಿಸಿ, ಮೇಡಂಗೆಂದು ಎರಡು ತೆಂಗಿನಕಾಯಿ ಚೀಲಕ್ಕೆ ಹಾಕಿಯಾಗಿತ್ತು. ಕಾಲೇಜಿನ ಮೆಟ್ಟಿಲನ್ನು ನನಗಿಂತ ಮುಂದಾಗಿ ದಡದಡ ಹತ್ತಿದರು, ಅದೂ ಮುರಿದ ಕಾಲಿನಲ್ಲಿ!

"ನಾನೇ ಪೋಷಕರು, ಗಂಗಮ್ಮ" ಎಂದರು.

ಮೇಡಂ ಗಾಬರಿಯಿಂದ ಎದ್ದು ನಿಂತರು. "ಅಮ್ಮಾ, ಐಸಿಯುನಿಂದ ಯಾವಾಗ ಬಂದ್ರಿ? ಕಾಲು ಹೇಗಿದೆ?"

ಅತ್ತೆ ತಮ್ಮ ಕಾಲು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಮೇಡಂಗೂ ಅರ್ಥವಾಯಿತು. ಫೈಲು ತೆಗೆದು ನನ್ನ ರಜಾಚೀಟಿಗಳನ್ನು ಒಂದೊಂದಾಗಿ ಓದಿದರು. ಅತ್ತೆ ಹರಿಕಥೆ ಕೇಳುವಷ್ಟು ಶ್ರದ್ಧೆಯಿಂದ ಕೇಳಿದರು. ನಾನು ನೆಲದ ಟೈಲ್ಸ್ ಎಣಿಸುತ್ತಿದ್ದೆ.

"ಮೇಡಮ್ಮಾ, ಇವ್ಳು ಬರೆದಿರೋದು ಒಂದೂ ನಿಜ ಅಲ್ಲ" ಎಂದರು ಅತ್ತೆ. "ಆದ್ರೆ ಇವಳ್ನ ನೆಂಟರ ಮನೆಗೆ ಅಟ್ಟಿದ್ದು ನಾನು. ಬೈಯೋದಾದ್ರೆ ನನ್ನ ಬೈರಿ. ನಾನು ತಾನೆ ಜವಾಬ್ದಾರಿ? ಬೆಳಗ್ಗೆ ಹಾಲು ಕರ್ದು, ಕಸಮುಸುರೆ ಮುಗ್ಸಿ ಓದಕ್ಕೆ ಕೂತ್ಕೊತಾಳೆ ಕಣ್ರವ್ವ. ನಮ್ಮ ಮನೇಲಿ ಪುಸ್ತಕ ತಬ್ಕೊಂಡು ನಿದ್ದೆ ಹೋದ ಹೆಂಗಸು ಇವ್ಳೇ ಮೊದಲು!"

ಮೇಡಂ ನಗು ತಡೆಯಲಾರದೆ ಮುಚ್ಚಳಿಕೆಯನ್ನು ಮುಂದೆ ಚಾಚಿದರು. ಅತ್ತೆ ತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ನನಗೆ ನನ್ನ ಮೇಲೆ ಎಷ್ಟು ನಾಚಿಕೆಯೋ ಅವರ ಮೇಲೆ ಅಷ್ಟು ಹೆಮ್ಮೆ. ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು: "ಇನ್ಮ್ಯಾಕೆ ನೆಂಟರ ಮನೆಗೆ ನಾನು ಹೋಗ್ತೀನಿ. ನೀನು ಕಾಲೇಜಿಗೆ ಹೋಗು."

ಅಲ್ಲಿಂದ ಒಂದು ದಿನವೂ ತಪ್ಪಿಸಲಿಲ್ಲ. ಹಾಲ್ ಟಿಕೆಟ್ ಬಂತು. ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದಿಟ್ಟು ಕೈಮುಗಿದೆ.

ಪರೀಕ್ಷೆಯ ಹಿಂದಿನ ದಿನವೇ ಬೇಲೂರಿನಲ್ಲಿ ಮದುವೆ. ಅತ್ತೆ, ಯಜಮಾನರು ಹೋದರು. ಸಂಜೆ ಅತ್ತೆಯ ಫೋನ್ ಬಂತು.

"ಓದ್ತಾ ಇದ್ದೀಯೇನೇ? ಇಲ್ಲಿ ಎಲ್ರೂ ಹಿರಿಸೊಸೆ ಎಲ್ಲಿ, ಹಿರಿಸೊಸೆ ಎಲ್ಲಿ ಅಂತವ್ರೆ. ಸ್ಪೀಕರ್‌ಗೆ ಹಾಕಿದೀನಿ, ಜೋರಾಗಿ ಓದು, ಕೇಳ್ಲಿ!"

ಹೊಯ್ಸಳರ ಆಡಳಿತವನ್ನು ರೇಡಿಯೋದವರ ಗತ್ತಿನಲ್ಲಿ ನಾಲ್ಕು ಪುಟ ಓದಿದೆ. ಛತ್ರದ ಗಲಾಟೆ ಅಡಗಿತು. "ಕೇಳುದ್ರಾ? ನಮ್ ಸೊಸೆ!" ಎಂದ ಅತ್ತೆಯ ದನಿ, ಆಮೇಲೆ ಚಪ್ಪಾಳೆ. ನನ್ನ ಕಣ್ಣು ತುಂಬಿ ಬಂತು.

ಅದೇ ಹುರುಪಿನಲ್ಲಿ ದೇವರ ಮುಂದಿನ ಹಾಲ್ ಟಿಕೆಟ್ ಎತ್ತಿಕೊಂಡು ಮೊದಲ ಸಲ ಅದನ್ನು ಪೂರ್ತಿ ಓದಿದೆ. ಮರುದಿನದ ಪರೀಕ್ಷೆ ಅರ್ಥಶಾಸ್ತ್ರದ್ದು! ಬೇಲೂರಿನ ಆ ಛತ್ರದಲ್ಲಿ ಊಟಕ್ಕೆ ಕೂತವರೆಲ್ಲ ಇತಿಹಾಸಕ್ಕೆ ತಯಾರಾಗಿದ್ದರು. ಅರ್ಥಶಾಸ್ತ್ರಕ್ಕೆ ಯಾರೂ ತಯಾರಿರಲಿಲ್ಲ, ನನ್ನನ್ನೂ ಸೇರಿಸಿ.