ಸ್ಪ್ಯಾನಿಷಿನಲ್ಲಿ ನಾನು ಕೊಟ್ಟ ನಂಬರ್

ಸ್ಪ್ಯಾನಿಷ್ ಕಲಿಸುವ ಮೊಬೈಲ್ ಆ್ಯಪಿನ ಗುರುಗಳ ಸನ್ನಿಧಾನಕ್ಕೆ,

ಮಾನ್ಯರೇ,

ಕುಂದಗೋಳದ ನಿವೃತ್ತ ಶಿಕ್ಷಕಿ ಮುಕ್ತಾಬಾಯಿಯ ಸಾಷ್ಟಾಂಗ ನಮಸ್ಕಾರಗಳು. ತಮಗೆ ಪಾದಗಳಿಲ್ಲದ ಕಾರಣ ಫೋನನ್ನೇ ಚಾಪೆಯ ಮೇಲಿಟ್ಟು ನಮಸ್ಕರಿಸಿದ್ದೇನೆ, ಸ್ವೀಕರಿಸಬೇಕು.

ಕಳೆದ ವರ್ಷ ನಮ್ಮೂರಿಗೆ ಸಂಗೀತ ಕೇಳಲು ಸ್ಪೇನಿನಿಂದ ಪಿಲಾರ್ ಎಂಬ ಹೆಣ್ಣುಮಗಳು ಬಂದಿದ್ದಳು. ಅವಳಿಗೆ ಕನ್ನಡ ಬಾರದು, ನನಗೆ ಸ್ಪ್ಯಾನಿಷ್ ಬಾರದು, ಆದರೂ ಪಡಸಾಲೆಯಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಅಗದಿ ಆಪ್ತ ಗೆಳತಿಯರಾದೆವು. ಈ ವರ್ಷ ಅವಳು ಮತ್ತೆ ಬರುವಷ್ಟರಲ್ಲಿ, ಫೋನ್ ನಂಬರ್ ಕೇಳುವ ಮತ್ತು ಕೊಡುವ ತಮ್ಮ ಪಾಠವನ್ನು ಒಲೆಯ ಮುಂದೆ, ಬಸ್ಸಿನಲ್ಲಿ, ಕಡೆಗೆ ದೇವರ ಮುಂದೆಯೂ ಉರು ಹೊಡೆದೆ. "ಕ್ವಾಲ್ ಎಸ್ ತು ನೂಮೆರೊ ದೆ ತೆಲೆಫೊನೊ?" ಎಂದು ತಾವು ನಂಬರ್ ಕೇಳಿದಾಗಲೆಲ್ಲ, ತಾವೇ ಕಲಿಸಿದ ಆ ಒಂದೇ ನಂಬರನ್ನು ಒಪ್ಪಿಸಿದೆ. ತಾವು ಚಪ್ಪಾಳೆ ತಟ್ಟಿ ಚಿನ್ನದ ಪದಕ ಕೊಟ್ಟಿರಿ. ನಾನೂ ಇಷ್ಟು ಉದಾರವಾಗಿ ಮಾರ್ಕು ಕೊಟ್ಟಿದ್ದರೆ ಇವತ್ತು ಊರ ತುಂಬ ಡಿಸಿ ಸಾಹೇಬರೇ ಇರುತ್ತಿದ್ದರು.

ಪಿಲಾರ್ ಬಂದಳು, ನನ್ನಿಂದ ಒಂದು ಹಾಡು ಹಾಡಿಸಿದಳು. ಮನೆಯವರು "ಸಾಕ್ ಮಾಡಬೇ" ಎನ್ನುತ್ತಿದ್ದ ನನ್ನ ಹಾಡನ್ನು ಜೀವನದಲ್ಲಿ ಮೊದಲ ಸಲ ಒಬ್ಬರು ಕಣ್ಣು ಮುಚ್ಚಿ ಕೇಳಿದರು. ಅದನ್ನು ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಊರಿಗೆ ಹೋಗಿ ಕಳಿಸುತ್ತೇನೆಂದು ಸನ್ನೆ ಮಾಡಿದಳು. ನನ್ನ ದನಿ ಹೇಗಿದೆಯೆಂದು ನಾನೇ ಒಮ್ಮೆ ಕೇಳಬೇಕು, ಮಾನ್ಯರೇ. ನನಗಿರುವ ಆಸೆ ಇಷ್ಟೇ.

ನನಗೆ ನನ್ನದೇ ನಂಬರ್ ಬಾಯಿಗೆ ಬರುವುದಿಲ್ಲ. ನಂಬರ್ ಬೇಕಾದವರ ಕೈಗೆ ಫೋನನ್ನೇ ಕೊಟ್ಟರಾಯಿತು, ಅವರೇ ಅದರಿಂದ ತಂತಮ್ಮ ಫೋನಿಗೊಂದು ಮಿಸ್ಡ್ ಕಾಲ್ ಹೊಡೆದುಕೊಳ್ಳುತ್ತಾರೆ. ಪಿಲಾರಳನ್ನು ಬೀಳ್ಕೊಡಲು ಹೋದಾಗ ರೇಲ್ವೆ ಸ್ಟೇಷನ್ನಿನಲ್ಲಿ ಬಾಜು ಮನೆಯ ಬಸಣ್ಣ ಅದನ್ನೇ ಹೇಳಿದ: "ಅಕ್ಕೋರ, ಫೋನ್ ಅವರ ಕೈಯಾಗ ಕೊಟ್ಟಬಿಡ್ರಿ, ಮಿಸ್ಡ್ ಕಾಲ್ ಹೊಡ್ಕೋತಾರ." "ಸುಮ್ನಿರಪಾ, ನಾ ಸ್ಪ್ಯಾನಿಷ್ ಕಲ್ತೀನಿ" ಎಂದು ತಮ್ಮ ಪದಕವಿಜೇತೆ ಗದರಿದಳು.

ಸ್ಪ್ಯಾನಿಷಿನಲ್ಲಿ ಅವಳ ನಂಬರ್ ಕೇಳಿಯೇಬಿಟ್ಟೆ. ಪಿಲಾರ್ ಹಿಗ್ಗಿ ಹೀರೇಕಾಯಿಯಾಗಿ, ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ತನ್ನ ನಂಬರ್ ಹೇಳಿದಳು. ಒಂದಂಕಿಯೂ ತಿಳಿಯಲಿಲ್ಲ, ತಮಗಿರುವಂಥ 'ನಿಧಾನ' ಗುಂಡಿ ಅವಳಿಗೆ ಎಲ್ಲಿಯೂ ಇರಲಿಲ್ಲ. ಬಳಿಕ ಅವಳು ನನ್ನ ನಂಬರ್ ಕೇಳಿದಳು. ತಮ್ಮ ಶಿಷ್ಯೆಯ ನಾಲಿಗೆಯಲ್ಲವೇ, ಎಲ್ಲಿಯೂ ತಡವರಿಸದೆ ತಮ್ಮ ಪಾಠದ ನಂಬರನ್ನೇ ಒಪ್ಪಿಸಿತು. ಅವಳು ಅದನ್ನು ಫೋನಿಗಿಳಿಸಿಕೊಂಡು, ನನ್ನನ್ನು ಅಪ್ಪಿಕೊಂಡು ಗಾಡಿ ಹತ್ತಿದಳು. ಗಾಡಿ ಹೋದ ಮೇಲೂ ನಾನು ಚಪ್ಪಾಳೆ ಕೇಳಿಸೀತೆಂದು ನಿಂತೇ ಇದ್ದೆ.

ಆದಕಾರಣ, ನನ್ನ ಹಾಡು ಹೋಗಿ ಸೇರುವ ಆ ನಂಬರನ್ನು ಕೂಡಲೇ ನನ್ನ ಹೆಸರಿಗೆ ಮಾಡಿಕೊಡಬೇಕು. ಆಗದಿದ್ದರೆ ಸ್ಪೇನಿನ ಸಮಸ್ತ ಪಿಲಾರರಿಗೂ ತಾವೇ ಫೋನ್ ಹಚ್ಚಿ, ಕುಂದಗೋಳದಲ್ಲಿ ರೊಟ್ಟಿ ತಿಂದವರು ಯಾರೆಂದು ನಿಧಾನವಾಗಿ ವಿಚಾರಿಸಬೇಕು.

ಪದಕಗಳ ಭಾರಕ್ಕೆ ಬಗ್ಗಿದ
ತಮ್ಮ ವಿಶ್ವಾಸಿ,
ಮುಕ್ತಾಬಾಯಿ

ತಾ.ಕ.: ಆ ನಂಬರಿನ ಪುಣ್ಯಾತ್ಮರಿಗೆ ಹಾಡು ತಲುಪಿದ್ದರೆ, ನಡುವೆ ಕೆಮ್ಮಿದ್ದು ಬಸಣ್ಣ, ನಾನಲ್ಲವೆಂದು ತಿಳಿಸಿರಿ. ಉತ್ತರಿಸಲು ತಾವು ನನ್ನ ನಂಬರ್ ಕೇಳಬಹುದು. ಅದು ನನಗೆ ಈಗಲೂ ಬಾರದು, ತಮ್ಮದು ಮಾತ್ರ ನಿದ್ದೆಯಲ್ಲಿಯೂ ಬರುತ್ತದೆ. ಕುಂದಗೋಳಕ್ಕೆ ಬನ್ನಿರಿ, ಫೋನ್ ಕೈಗೆ ಕೊಡುತ್ತೇನೆ, ಮಿಸ್ಡ್ ಕಾಲ್ ಹೊಡೆದುಕೊಳ್ಳಿರಿ.