ಹಾಡುವ ಪೊದೆ, ಬೈಯುವ ಪೊದೆ

ಹುಳಗಳ ಹಾಡು ಕೇಳೋಕೆ ಹೊರಟವರ ಹಿಂದೆ ಫಜೀತಿಗಳು ತಾವಾಗೇ ಬರ್ತವೆ. ನಾನು ಜೊತೆಗಿದ್ದರೆ ಸ್ವಲ್ಪ ಬೇಗ ಬರ್ತವೆ. ಬಸವೇಶ್ವರನಗರದ ನಮ್ಮ ಪಾರ್ಕಿನ ಮೂಲೆಯ ಪೊದೆ ಕಡಿಸಿ ಟೈಲ್ಸ್ ಹಾಕಿಸ್ತೀನಿ ಅಂತ ಪಾರ್ಕ್ ಸಮಿತಿ ಅಧ್ಯಕ್ಷರು ಹೊರಟಿದ್ದರು. ಜೀರುಂಡೆ ಸಮೀಕ್ಷೆ ಮಾಡ್ತಿದ್ದ ರಿಟೈರ್ಡ್ ಬಯಾಲಜಿ ಮೇಡಂ ಅಡ್ಡ ನಿಂತರು. "ಭಾನುವಾರದೊಳಗೆ ಮೂರು ಥರದ ಹಾಡು ಕೇಳಿಸಿ, ಬಿಡ್ತೀನಿ" ಅಂದರು ಅಧ್ಯಕ್ಷರು. ಮೇಡಂ ಸಹಾಯಕ್ಕೆ ಸಿಕ್ಕವನು ನಾನೊಬ್ಬನೇ. ಅವರ ಕರ್ಮ.

೧. ಐದು ನಿಮಿಷ ಮೌನ

ಸಂಜೆ ಹೊತ್ತು, ಐದು ನಿಮಿಷ ತುಟಿ ಬಿಚ್ಚದೆ ನಿಂತು ಮೊಬೈಲಲ್ಲಿ ರೆಕಾರ್ಡ್ ಮಾಡಬೇಕು. ಅದೇ ನಿಯಮ. ವಾಕಿಂಗ್ ಆಂಟಿಯೊಬ್ಬರು "ಪೊದೇಲಿ ಏನ್ರೀ ಅದು?" ಅಂದರು. ಬೇಗ ಸಾಗಲಿ ಅಂತ ನಾನು ಪಿಸುಗುಟ್ಟಿದೆ: "ನಾಗಪ್ಪ." ಆಮೇಲೆ ಕೇಳಿದರೆ ರೆಕಾರ್ಡಿಂಗ್ ತುಂಬ ಆಂಟಿಯ ಕಿರುಚಾಟ. ಸಮೀಕ್ಷೆಯ ಫಾರಂನಲ್ಲಿ 'ಅಡ್ಡಿಯಾದ ಸದ್ದಿನ ಮೂಲ' ಅಂತ ಒಂದು ಕಾಲಂ ಇದೆ. ಮೇಡಂ ಅಲ್ಲಿ ನನ್ನ ಹೆಸರನ್ನು ಇನಿಷಿಯಲ್ ಸಮೇತ ಬರೆದರು.

೨. ಭಾರಿ ದಮ್ಮಿನ ಗಾಯಕ

ಪಂಪ್‌ಹೌಸ್ ಗೋಡೆ ಹತ್ತಿರ "ಜ್ಜೀ…" ಅಂತ ಬಿಡದೆ ಹಾಡು. "ಉಸಿರೂ ತಗೊಳ್ತಿಲ್ಲ ನೋಡಿ, ಎಂಥ ದಮ್ಮು!" ಅಂತ ಮೇಡಂ ಪುಳಕಗೊಂಡರು. ಅಷ್ಟರಲ್ಲಿ ವಿಜಯಪುರ ಕಡೆಯ ವಾಚ್‌ಮನ್ ಬಂದ. "ಟ್ಯೂಬ್‌ಲೈಟಿನ ಚೋಕ್ ಭಾಳ ಗದ್ಲ ಮಾಡಾಕತ್ತೇತೇನ್ರಿ ಸರ? ಬಂದ್ ಮಾಡ್ತೀನ್ರಿ."

ಸ್ವಿಚ್ ಒತ್ತಿದ. ಆ ಜಾತಿ ಅಲ್ಲೇ ನಿರ್ವಂಶವಾಯಿತು.

೩. ಮೂರನೇ ಹಾಡು

ಭಾನುವಾರ ಬಂತು. ಅಸಲಿ ಹಾಡು ಸಿಕ್ಕಿದ್ದು ಎರಡೇ. ಮೇಡಂ ಮುಖ ನೋಡಲಾಗದೆ, ನಮ್ಮನೆ ಬಾತ್‌ರೂಮಿನ ಜೀರುಂಡೆಯ ಹಾಡು ರೆಕಾರ್ಡ್ ಮಾಡಿ, ಹಳೇ ಫೋನನ್ನು ಪೊದೆಯಲ್ಲಿ ಅಡಗಿಸಿಟ್ಟೆ. ಪೂರ್ತಿ ಕೇಳಿ ನೋಡುವ ಅಭ್ಯಾಸ ನನಗಿಲ್ಲ.

ಅಧ್ಯಕ್ಷರು ಬಗ್ಗಿ ಕಿವಿ ಕೊಟ್ಟರು. "ಟ್ರಿಣ್… ಟ್ರಿಣ್…" ತಲೆದೂಗಿದರು. ಆಗ ಪೊದೆ, ನನ್ನ ಹೆಂಡತಿಯ ದನಿಯಲ್ಲಿ ಗದರಿತು: "ರೀ! ಬಾತ್‌ರೂಮಲ್ಲಿ ಎಷ್ಟೊತ್ತು? ಗೀಸರ್ ಆಫ್ ಮಾಡಿದ್ರಾ?"

ಅಧ್ಯಕ್ಷರು ಫೋನ್ ಹೊರಗೆಳೆದು ಆಫ್ ಮಾಡಿದರು. "ನಾಳೇನೇ ಕಡಿಸ್ತೀನಿ" ಅಂದರು. ಮೇಡಂ ನನ್ನನ್ನು ನೋಡಿದ ನೋಟಕ್ಕೆ ನಾನೇ ಪೊದೆ ಹೊಕ್ಕುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ: "ಟ್ರಿಣ್… ಟ್ರಿಣ್…"

"ಇನ್ನೊಂದು ಫೋನ್ ಇಟ್ಟಿದೀರೇನ್ರೀ?"

"ದೇವರಾಣೆ ಇಲ್ಲ ಸಾರ್! ಫೋನಿನ ಹಾಡಿಗೆ ಇದು ಜವಾಬು ಕೊಡ್ತಾ ಇದೆ."

ಅಧ್ಯಕ್ಷರು ಕೈ ಕಟ್ಟಿ ಐದು ನಿಮಿಷ ನಿಂತು ಕೇಳಿದರು. ಬೈಗುಳ ಬರಲಿಲ್ಲ.

ಮೇಡಂ ಮೆಲ್ಲಗೆ ಅಂದರು, "ಹಾಡೋದು ಗಂಡು ಹುಳ ಸಾರ್. ಹೆಣ್ಣನ್ನ ಕರೆಯೋಕೆ."

"ಹಾಗನ್ನಿ, ಇನ್ನೂ ಮದುವೆ ಆಗಿಲ್ಲ. ಅದಕ್ಕೇ ಇಷ್ಟೊತ್ತಾದರೂ ಯಾರೂ ಗೀಸರ್ ಕೇಳಲಿಲ್ಲ" ಅಂದ ಅಧ್ಯಕ್ಷರು ಫಾರಂಗೆ ಸಹಿ ಹಾಕಿದರು. "ಇದು ಅಸಲಿ. ಪೊದೆ ಇರಲಿ ಬಿಡಿ."