ಬೆಕ್ಕಿನ ಚಿತ್ರದ ಚೆಕ್ಕು

ಆರ್ಡೆಲ್ಲಾ ದಿನಸಿ ಅಂಗಡಿಯಲ್ಲಿ ಚೆಕ್ಕು ಹರಿದು ಕೊಟ್ಟ ಕ್ಷಣದಿಂದಲೇ, ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದ ವರ್ನಾಳ ಹೊಟ್ಟೆಯಲ್ಲಿ ಉರಿ ಶುರುವಾಯಿತು.

ಚೆಕ್ಕಿನ ತುಂಬ ಆರ್ಡೆಲ್ಲಾಳ ಬಿಳಿ ಬೆಕ್ಕು. ಕೊರಳಲ್ಲಿ ನೀಲಿ ರಿಬ್ಬನ್ನು, ಮುಖದಲ್ಲಿ ನಿವೃತ್ತ ನ್ಯಾಯಾಧೀಶರ ಗತ್ತು. ಗಲ್ಲಾದಲ್ಲಿದ್ದ ಹೆಂಗಸು ದುಡ್ಡೆಣಿಸುವುದನ್ನು ಬಿಟ್ಟು ಅದನ್ನು ಬೆಳಕಿಗೆ ಎತ್ತಿ ಹಿಡಿದಳು.

"ಅಯ್ಯೋ, ಎಷ್ಟು ಮುದ್ದಾಗಿದೆ! ಬ್ಯಾಂಕಿನವರು ಇಂಥದ್ದೂ ಕೊಡ್ತಾರಾ?"

"ಅವರೆಲ್ಲಿ ಕೊಡ್ತಾರೆ? ಮನೇಲಿ ನಾನೇ ಪ್ರಿಂಟ್ ಮಾಡಿದ್ದು ಕಣೇ. ಒಂದು ಕಪ್ ಕಾಫಿ ಕುಡಿಯೋದ್ರೊಳಗೆ ಮುಗೀತು," ಎಂದಳು ಆರ್ಡೆಲ್ಲಾ, ತನಗೇನೂ ಹೆಮ್ಮೆಯಿಲ್ಲ ಎನ್ನುವ ಹಾಗೆ ಹೆಮ್ಮೆಪಟ್ಟುಕೊಂಡು.

ಪಾದ್ರಿಗಳ ಹೆಂಡತಿ ಇಂಗಾ ಕತ್ತು ಚಾಚಿ ನೋಡಿದಳು. "ಎಷ್ಟು ಅಚ್ಚುಕಟ್ಟಾದ ಕೈ ನಿಂದು! ಈ ಸಲ ಭಾನುವಾರ ಬೆಳ್ಳಿ ಕೆಟಲ್ಲಿಂದ ಕಾಫಿ ಬಗ್ಗಿಸೋಕೆ ನೀನೇ ಸರಿ ಅನ್ಸತ್ತೆ ನಂಗೆ."

ವರ್ನಾಳ ತೋಳಿನಲ್ಲಿದ್ದ ಸಕ್ಕರೆ ಚೀಲ ಜಾರಿ ಅವಳದೇ ಪಾದದ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ.

ಭಾನುವಾರ ಚರ್ಚಿಗೆ ನೂರು ತುಂಬುವ ಹಬ್ಬ. ಮಿನೆಸೋಟಾದ ಆ ಪುಟ್ಟ ಊರಿನಲ್ಲಿ ಮೇಯರ್ ಯಾರೆಂದು ಮರೆತವರಿದ್ದರು. ಬೆಳ್ಳಿ ಕೆಟಲ್ ಯಾರ ಕೈಯಲ್ಲಿದೆ ಎಂಬುದನ್ನು ಮರೆತವರಿರಲಿಲ್ಲ. ವರ್ನಾಳ ಅತ್ತೆ ತೀರಿಕೊಂಡಾಗಿನಿಂದ ಅದು ವರ್ನಾಳ ಕೈಯಲ್ಲೇ ಇತ್ತು. ಈಚೆಗೆ ಆರ್ಡೆಲ್ಲಾ ಹಾಕಿಸಿದ ಹೊಸ ಕಿಟಕಿ ಪರದೆ, ಮಾಡಿಸಿಕೊಂಡ ಗುಂಗುರು ತಲೆ, ಎಲ್ಲವನ್ನೂ ಹೇಗೋ ಸಹಿಸಿಕೊಂಡಿದ್ದಾಯಿತು. ಈಗ ಒಂದು ಬೆಕ್ಕು ಬಂದು ಕೆಟಲ್ಲನ್ನೂ ಕಿತ್ತುಕೊಳ್ಳುವುದೆಂದರೇನು?

ಅವಳು ಮನೆಗೆ ಹೋಗಲಿಲ್ಲ. ನೇರ ಪಕ್ಕದೂರಿಗೆ ಕಾರು ಓಡಿಸಿ ಚೆಕ್ಕಿನ ಕಾಗದ, ಅದಕ್ಕೆ ಬೇಕಾದ ಶಾಯಿ, ಪ್ರೋಗ್ರಾಮಿನ ಡಿಸ್ಕು ಎಲ್ಲ ಹೊತ್ತು ತಂದಳು.

"ಮತ್ತೆ ಖರ್ಚಾ?" ಎಂದ ಗಂಡ ಲೈಲ್, ಟೀವಿಯಿಂದ ಕಣ್ಣು ಕೀಳದೆ. "ನಮ್ಮ ಖಾತೆ ಈಚೆಗೆ ಬಿಸಿಲಿಗಿಟ್ಟ ಬೆಣ್ಣೆ ಥರ ಕರಗ್ತಿದೆ ಕಣೇ."

"ನಾನೇನು ಒಡವೆ ಮಾಡಿಸ್ಕೊಂಡ್ನಾ? ನೀನು ಸುಮ್ನಿರು."

ಮಾದರಿಗೊಂದು ಚೆಕ್ಕು ಬೇಕಿತ್ತು. ಚರ್ಚಿನ ಹೂವಿನ ಖರ್ಚಿನಲ್ಲಿ ತನ್ನ ಪಾಲೆಂದು ಆರ್ಡೆಲ್ಲಾ ಕೊಟ್ಟಿದ್ದ ಲಕೋಟೆಯೊಂದು ಇನ್ನೂ ಬಿಚ್ಚದೆ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಒಡೆದರೆ ಅದರೊಳಗೂ ಅದೇ ಬೆಕ್ಕಿನ ಚೆಕ್ಕು. ಅದನ್ನೇ ಎದುರಿಗಿಟ್ಟುಕೊಂಡು, ಹೆಸರಿನ ಜಾಗದಲ್ಲಿ ತನ್ನ ಹೆಸರು, ವಿಳಾಸದ ಜಾಗದಲ್ಲಿ ತನ್ನ ವಿಳಾಸ ಹಾಕಿದಳು. ಕೆಳಗಿದ್ದ ನಂಬರುಗಳ ಸಾಲನ್ನು ಒಂದಂಕಿಯೂ ತಪ್ಪದಂತೆ ನಕಲು ಮಾಡಿದಳು.

"ಆ ನಂಬರು ನಮ್ಮ ಚೆಕ್ ಪುಸ್ತಕ ನೋಡಿ ಹಾಕ್ಬೇಕಲ್ವಾ?" ಎಂದ ಲೈಲ್.

"ಅದು ಬ್ಯಾಂಕಿನ ನಂಬರು. ಅವಳದ್ದೂ ನಮ್ಮದೂ ಒಂದೇ ಬ್ಯಾಂಕು. ಊರಲ್ಲಿರೋದೇ ಅದೊಂದು!"

ಚಿತ್ರದ್ದೇ ದೊಡ್ಡ ಕಷ್ಟವಾಯಿತು. ಮೊದಲು ತನ್ನ ಸೇಬಿನ ಪೈ ಹಾಕಿದಳು. ಅದು ಲಾರಿ ಚಕ್ರಕ್ಕೆ ಸಿಕ್ಕ ಕಪ್ಪೆಯ ಹಾಗೆ ಹಸಿರಾಗಿ ಹೊರಬಿತ್ತು. ಡೇಲಿಯಾ ಹೂವು ಹಾಕಿದರೆ ಯಾರದೋ ಗಾಯದ ಹಾಗೆ ಕಂಡಿತು. ಕೊನೆಗೆ, ಹೋದ ವರ್ಷ ಬೆಳ್ಳಿ ಕೆಟಲ್ ಹಿಡಿದು ನಗುತ್ತ ನಿಂತಿದ್ದ ತನ್ನ ಫೋಟೋವನ್ನೇ ಹಾಕಿಬಿಟ್ಟಳು. ಪ್ರಿಂಟರು ಮುಲುಗುತ್ತ ನರಳುತ್ತ ಅವಳನ್ನು ಹೊರಗೆ ತಳ್ಳಿತು. ಮುಖ ಸ್ವಲ್ಪ ನೇರಳೆಯಾಗಿದ್ದರೂ ಕೆಟಲ್ ಮಾತ್ರ ಫಳಫಳ.

ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಹಬ್ಬಕ್ಕೆ ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದರು. ವರ್ನಾ ಮೆಟ್ಟಿಲಿಳಿದು ಬಂದು ಚೆಕ್ಕನ್ನು ಇಂಗಾಳ ಮುಂದೆ ಚಾಚಿದಳು.

"ಹಬ್ಬದ ಖರ್ಚಿಗೆ ನಮ್ಮ ಮನೇದೊಂದು ಕಾಣಿಕೆ. ಮನೇಲಿ ನಾನೇ ಪ್ರಿಂಟ್ ಮಾಡಿದ್ದು."

"ಅರೆ, ನೀನೇ! ಕೆಟಲ್ ಸಮೇತ!" ಇಂಗಾ ಹಿಟ್ಟಿನ ಕೈ ಒರೆಸಿಕೊಂಡಳು. ಲಟ್ಟಣಿಗೆಗಳು ನಿಂತವು. ಆರ್ಡೆಲ್ಲಾಳ ನಗು ಸ್ವಲ್ಪ ಸೊಟ್ಟಗಾಯಿತು. ಅದನ್ನು ನೋಡಿ ವರ್ನಾಳ ಹೊಟ್ಟೆಯ ಉರಿಗೆ ತಂಪು ಮಜ್ಜಿಗೆ ಹೊಯ್ದಂತಾಯಿತು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಜೋಲೀನ್ ಕನ್ನಡಕ ಏರಿಸಿಕೊಂಡು ಬಂದಳು. "ವರ್ನಾ, ಈ ಕೆಳಗಿನ ನಂಬರು ಎಲ್ಲಿಂದ ತಗೊಂಡೆ?"

"ಆರ್ಡೆಲ್ಲಾಳ ಚೆಕ್ಕಿಂದ. ಯಾಕೆ?"

"ಅಯ್ಯೋ ಮಾರಾಯ್ತಿ! ಅದರಲ್ಲಿ ಖಾತೆ ನಂಬರೂ ಇರತ್ತೆ! ಹಾಗಾದ್ರೆ ಇದು ಅವಳ ದುಡ್ಡು!"

ವರ್ನಾಳ ಮುಖ ಚೆಕ್ಕಿನಲ್ಲಿದ್ದುದಕ್ಕಿಂತ ನೇರಳೆಯಾಯಿತು.

ಆರ್ಡೆಲ್ಲಾ ಬಂದು ಅವಳ ಬೆನ್ನು ಸವರಿದಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು, ಆ ಸವರಾಟ ತಡೆಯಲಾಗಲಿಲ್ಲ. "ಹೋಗ್ಲಿ ಬಿಡೇ ಚಿನ್ನ. ಗೊತ್ತಿಲ್ದೆ ಆಯ್ತು. ನಾನೂ ಹೀಗೇ ನೋಡ್ಕೊಂಡು ಹಾಕಿದ್ದು. ಈಸ್ಟರ್‌ಗೆ ನೀನು ಒಂದು ಚೆಕ್ ಕೊಟ್ಟಿದ್ಯಲ್ಲ, ಅದನ್ನ ಮುಂದಿಟ್ಕೊಂಡು..."

ಅವಳ ಕೈ ವರ್ನಾಳ ಬೆನ್ನ ಮೇಲೆಯೇ ನಿಂತಿತು.

ಜೋಲೀನ್ ಮೆಲ್ಲಗೆ ಲೆಕ್ಕ ಬಿಡಿಸಿದಳು. "ಅಂದ್ರೆ... ವರ್ನಾಳ ಚೆಕ್ಕಲ್ಲಿರೋದು ವರ್ನಾಳದೇ ನಂಬರು. ಸರಿಯಾಗೇ ಇದೆ. ಈಸ್ಟರ್‌ನಿಂದ ಈಚೆಗೆ ಆರ್ಡೆಲ್ಲಾ ಬರೆದ ಚೆಕ್ಕೆಲ್ಲ..."

ಬೆಕ್ಕಿನ ಆಹಾರ, ಕಿಟಕಿ ಪರದೆ, ಆ ಗುಂಗುರು ತಲೆ, ಎಲ್ಲವೂ ವರ್ನಾಳ ಕಣ್ಣ ಮುಂದೆ ಮೆರವಣಿಗೆ ಹೋದವು. ಇಷ್ಟು ದಿನ ತಾನು ಹೊಟ್ಟೆ ಉರಿದುಕೊಂಡಿದ್ದು ತನ್ನದೇ ದುಡ್ಡಿನ ಶೋಕಿಗೆ! ಗೆದ್ದೆ ಎಂದುಕೊಂಡು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಆರ್ಡೆಲ್ಲಾ ಹಿಟ್ಟಿನ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹೆಂಗಸರೆಲ್ಲ ಅವಳನ್ನು ಸುತ್ತುವರಿದರು. "ಪಾಪ, ಒಂಟಿ ಹೆಂಗಸು." "ಕಂಪ್ಯೂಟರ್ ತಾನೇ ಕಲ್ತುಕೊಂಡ್ಳು ಬೇರೆ." ಒಬ್ಬಳು ನೀರು ತಂದಳು, ಇನ್ನೊಬ್ಬಳು ಬೆಣ್ಣೆ ಸವರಿದ ರೊಟ್ಟಿ ತಂದಳು. ದುಡ್ಡು ಕಳಕೊಂಡ ವರ್ನಾಳಿಗೆ ಯಾರೂ ಕುರ್ಚಿಯನ್ನೂ ಕೊಡಲಿಲ್ಲ.

"ಭಾನುವಾರ ಕೆಟಲ್ ಇವಳೇ ಹಿಡೀಲಿ, ಮನಸ್ಸಿಗೆ ಸಮಾಧಾನವಾಗತ್ತೆ," ಎಂದಳು ಇಂಗಾ. "ನಿಂಗೇನೂ ಬೇಜಾರಿಲ್ಲ ಅಲ್ವಾ ವರ್ನಾ?"

ಎಲ್ಲರ ಕಣ್ಣೂ ಅವಳ ಮೇಲೆ. ಆ ಊರಿನಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ.

"ಛೆ, ನಂಗೇನು ಬೇಜಾರು?"

ಆರ್ಡೆಲ್ಲಾ ಥಟ್ಟನೆ ತಲೆಯೆತ್ತಿದಳು. ಮೂಗಿನ ತುದಿಯಲ್ಲಿ ಹಿಟ್ಟು. "ಇಲ್ಲ, ನಿನ್ನ ದುಡ್ಡು ಇನ್ನೊಂದು ನಿಮಿಷ ನನ್ನ ಹತ್ರ ಇರಬಾರದು!" ಎಂದು ಚೀಲಕ್ಕೆ ಕೈಹಾಕಿ, ಮನಸ್ಸಿನಲ್ಲೇ ಲೆಕ್ಕ ಕೂಡಿಸಿ, ಮೇಲಿಷ್ಟು ಸೇರಿಸಿ, ಪೂರ್ತಿ ಮೊತ್ತಕ್ಕೆ ಒಂದು ಚೆಕ್ಕು ಬರೆದು ಹರಿದು ಕೊಟ್ಟಳು.

ಹೆಂಗಸರು ಚಪ್ಪಾಳೆ ತಟ್ಟಿದರು. ಇಂಗಾ ಕಣ್ಣೊರೆಸಿಕೊಂಡಳು. "ನೋಡ್ರೇ, ಎಂಥ ದೊಡ್ಡ ಮನಸ್ಸು!"

ವರ್ನಾ ಚೆಕ್ಕನ್ನು ನೋಡಿದಳು. ನೀಲಿ ರಿಬ್ಬನ್ನಿನ ಬೆಕ್ಕು ಅವಳನ್ನೇ ದಿಟ್ಟಿಸುತ್ತಿತ್ತು. ಅದರ ಪಾದದಡಿಯ ಸಾಲಿನಲ್ಲಿ ಅವಳದೇ ಖಾತೆಯ ನಂಬರು, ಒಂದಂಕಿಯೂ ತಪ್ಪದಂತೆ.

ಬಾಯಿಬಿಟ್ಟರೆ ಆರ್ಡೆಲ್ಲಾ ಮತ್ತೆ ಅಳುತ್ತಾಳೆ.

"ಥ್ಯಾಂಕ್ಸ್ ಕಣೇ," ಎಂದಳು ವರ್ನಾ.